ಬುತ್ತಿ, ಛತ್ರ ಮತ್ತು ದಾರಿಯ ನೀರು

ಪ್ರವಾಸವೆಂದರೆ ಹಣವುಳ್ಳವರ ವಿನೋದವೆಂಬ ಭಾವನೆ ತೀರ ಈಚಿನದು. ‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಕೋಶವೆಂಬ ಮಾತಿಗೆ ಬೊಕ್ಕಸವೆಂಬ ಅರ್ಥವೂ ಉಂಟು; ಆದರೆ ಗಾದೆ ಅದನ್ನು ಓದು ಎಂದಿತೇ ಹೊರತು ತುಂಬಿಸಿಕೋ ಎನ್ನಲಿಲ್ಲ. ಓದುವವನಿಗೆ ಬೇಕಾದುದು ಕಣ್ಣು, ಬಿಡುವು ಮತ್ತು ತಾಳ್ಮೆ. ಸುತ್ತುವವನಿಗೂ ಅವೇ ಬಂಡವಾಳ. ಜೊತೆಗೆ ಗಟ್ಟಿಯಾದ ಎರಡು ಕಾಲು.

ಪ್ರವಾಸವೆಂಬ ಶಬ್ದಕ್ಕೆ ಮನೆಯಿಂದ ದೂರ ವಾಸಿಸುವುದು ಎಂದು ಮೂಲಾರ್ಥ. ಸಂಸ್ಕೃತದ ಆಲಂಕಾರಿಕರು ಅದನ್ನು ವಿಪ್ರಲಂಭ ಶೃಂಗಾರದ ಒಂದು ಬಗೆಯಾಗಿ ಎಣಿಸಿದರು. ಎಂದರೆ ಅದು ಅಗಲಿಕೆ, ಅದು ದುಃಖ. ಆ ದುಃಖವನ್ನು ಕಡಿಮೆ ಖರ್ಚಿನಲ್ಲಿ ಸುಖವಾಗಿಸಿಕೊಳ್ಳುವ ಉಪಾಯಗಳನ್ನು ಕಂಡುಕೊಂಡವರು ಶಾಸ್ತ್ರಕಾರರಲ್ಲ, ದಾರಿ ನಡೆದ ಸಾಮಾನ್ಯ ಜನ. ಆ ಉಪಾಯಗಳ ಚರಿತ್ರೆಯನ್ನು ಯಾರೂ ಒಂದೆಡೆ ಬರೆದಿಟ್ಟಿಲ್ಲ. ಅದು ಅಡಿಗೆಮನೆಯಲ್ಲಿ, ಶಾಸನಗಳಲ್ಲಿ, ಕಾಗದಪತ್ರಗಳಲ್ಲಿ ಚದುರಿಹೋಗಿದೆ. ಅದರ ಕೆಲವು ಎಳೆಗಳನ್ನಷ್ಟೇ ಇಲ್ಲಿ ಹಿಡಿಯಲು ಯತ್ನಿಸುತ್ತೇನೆ.

ಮೊದಲನೆಯದು ಬುತ್ತಿ. ಸಂಸ್ಕೃತದಲ್ಲಿ ಇದು ಪಾಥೇಯ, ದಾರಿಗೆ ಸಂಬಂಧಿಸಿದ್ದು. ಬುತ್ತಿಯ ಹಿಂದೆ ತಲೆತಲಾಂತರದ ಪ್ರಯೋಗವಿದೆ. ಹುಳಿಯನ್ನ ಎರಡು ದಿನ ಕೆಡದಿರುವುದು ಹುಣಿಸೆ ಮತ್ತು ಎಣ್ಣೆಯ ಬಲದಿಂದ. ಉತ್ತರ ಕರ್ನಾಟಕದ ಕಟಕ ರೊಟ್ಟಿ ವಾರಗಟ್ಟಲೆ ಬಾಳುವುದು ಅದರಲ್ಲಿ ನೀರಿನ ಪಸೆ ಉಳಿಯದಿರುವುದರಿಂದ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೊರಟ ಸಂಸಾರಗಳು ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗುರೆಳ್ಳು ಪುಡಿಗಳನ್ನು ನೆಚ್ಚಿಯೇ ದಾರಿ ಸವೆಸಿದವು. ನನ್ನ ತಾಯಿಯವರು ಮೊಸರನ್ನವನ್ನು ಮೊಸರಿನಿಂದ ಕಲಸುತ್ತಿರಲಿಲ್ಲ. ಹಾಲಿನಲ್ಲಿ ಅನ್ನವನ್ನು ಮಿದಿದು, ಒಂದೇ ಒಂದು ಚಮಚ ಮೊಸರು ಹಾಕಿ ಗಂಟು ಕಟ್ಟುತ್ತಿದ್ದರು. ರೈಲು ನಾಲ್ಕಾರು ನಿಲ್ದಾಣ ದಾಟುವ ಹೊತ್ತಿಗೆ ಅದು ತಾನಾಗಿಯೇ ಹದವಾದ ಮೊಸರನ್ನವಾಗಿರುತ್ತಿತ್ತು. ಪ್ರಯಾಣದ ಕಾಲವನ್ನೇ ಅಡಿಗೆಯ ಕಾಲವಾಗಿ ಬಳಸಿಕೊಂಡ ಈ ಜಾಣ್ಮೆಗೆ ಕಾಸಿನ ಖರ್ಚಿಲ್ಲ. ಇಷ್ಟು ವರ್ಷಗಳ ಮೇಲೆ ಆ ಪ್ರಯಾಣಗಳಲ್ಲಿ ಕಂಡ ಊರುಗಳು ನನಗೆ ಮಸುಕಾಗಿವೆ. ಆ ಗಂಟನ್ನು ಬಿಚ್ಚಿದಾಗ ಬಾಳೆಲೆಯಿಂದ ಏಳುತ್ತಿದ್ದ ಪರಿಮಳ ಮಸುಕಾಗಿಲ್ಲ.

ಎರಡನೆಯದು ದಾರಿ. ಬುತ್ತಿ ಪ್ರಯಾಣಿಕನ ಸ್ವಂತ ಸಿದ್ಧತೆಯಾದರೆ, ದಾರಿ ಅನ್ಯರ ಔದಾರ್ಯ. ಬಾಯಾರಿದವರಿಗೆ ನೀರು ಕೊಡುವ ಅರವಟ್ಟಿಗೆಗೆ ದತ್ತಿ ಬಿಡುವುದು, ಕೆರೆ ಕಟ್ಟಿಸುವುದು, ಸಾಲುಮರ ನೆಡಿಸುವುದು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಪುಣ್ಯಕಾರ್ಯಗಳು. ಹಳೆಯ ದಾರಿಗಳ ಬದಿಯಲ್ಲಿ ನಿಲುವುಗಲ್ಲುಗಳೆರಡರ ಮೇಲೆ ಅಡ್ಡ ಚಪ್ಪಡಿಯಿಟ್ಟ ರಚನೆಗಳನ್ನು ತಾವು ಕಂಡಿರಬಹುದು. ತಲೆಹೊರೆಯವನು ಇನ್ನೊಬ್ಬರ ನೆರವಿಲ್ಲದೆ ಹೊರೆಯನ್ನಿಳಿಸಿ ದಣಿವಾರಿಸಿಕೊಂಡು, ಮತ್ತೆ ತಾನೇ ಎತ್ತಿಕೊಳ್ಳುವಂತೆ ಅದರ ಎತ್ತರವನ್ನು ಲೆಕ್ಕ ಹಾಕಿರುತ್ತಾರೆ. ಹೆಸರಿಲ್ಲದ ಪಥಿಕನ ಹೆಗಲನ್ನು ನೆನೆದು ಯಾರೋ ನಿಲ್ಲಿಸಿದ ಕಲ್ಲು ಅದು. ಈ ಪರಂಪರೆ ಬತ್ತಿಹೋಗಿಲ್ಲವೆಂಬುದಕ್ಕೆ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ತಿಮ್ಮಕ್ಕನವರು ನೆಟ್ಟು, ನೀರು ಹೊತ್ತು ಬೆಳೆಸಿದ ಆಲದ ಸಾಲೇ ಸಾಕ್ಷಿ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ ಎಷ್ಟು ಹಳ್ಳಿಗರಿಗೆ ರಾಜಧಾನಿಯ ಮೊದಲ ರಾತ್ರಿಯ ಆಸರೆಯಾಯಿತೆಂಬುದನ್ನು ಎಣಿಸಿದವರಿಲ್ಲ.

ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಸಂಚರಿಸಿದ ಮೊರಾಕ್ಕೊ ದೇಶದ ಇಬ್ನ್ ಬತೂತ, ಗೋವೆಯಿಂದ ಕೊಲ್ಲಂವರೆಗಿನ ಎರಡು ತಿಂಗಳ ನಡಿಗೆಯ ಹಾದಿಯನ್ನು ವರ್ಣಿಸಿದ್ದಾನೆ. ಹಾದಿಯುದ್ದಕ್ಕೂ ಮರಗಳ ನೆರಳು. ಅರ್ಧ ಮೈಲಿಗೊಂದು ಮರದ ಮನೆ. ಅದರಲ್ಲಿ ಕುಳಿತುಕೊಳ್ಳಲು ಜಗಲಿ, ಬಳಿಯಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ಹೊನ್ನಾವರವೂ ಈ ಹಾದಿಯ ಮೇಲಿನ ಊರೇ. ಆದರೆ ಆತನ ತೀಕ್ಷ್ಣವಾದ ಕಣ್ಣು ಇನ್ನೊಂದನ್ನೂ ಗುರುತಿಸಿತು. ಆ ಆಳು ಹಿಂದೂ ಪ್ರಯಾಣಿಕನಿಗೆ ಪಾತ್ರೆಯಲ್ಲಿ ನೀರು ಕೊಡುತ್ತಿದ್ದ. ಮುಸಲ್ಮಾನನಾದರೆ ಬೊಗಸೆಗೆ ಹೊಯ್ಯುತ್ತಿದ್ದ. ಈ ಸಂಗತಿಗೆ ಮುಂದೆ ಮರಳಿ ಬರಬೇಕಾಗಿದೆ.

ಮೂರನೆಯ ಉಪಾಯ, ನಿಂತು ನೋಡುವುದು ಮತ್ತು ಕೇಳಿ ತಿಳಿಯುವುದು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ ಎಂಬ ಪ್ರವಾಸಿ, ಪೋರ್ಚುಗೀಸರ ರಾಯಭಾರಿಯೊಡನೆ ವೆಂಕಟಪ್ಪನಾಯಕನ ಇಕ್ಕೇರಿಗೆ ಹೊರಟ. ಘಟ್ಟದ ಹಾದಿಯಲ್ಲಿ ತಂಗಬೇಕಾಗಿ ಬಂದಾಗ, ಗುಡಿಯೊಂದರ ಮೊಗಸಾಲೆಯಲ್ಲಿ ಕೆಲವು ಹುಡುಗರು ನೆಲದ ಮೇಲೆ ನುಣುಪಾದ ಮರಳನ್ನು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ಬರೆದುದನ್ನು ರಾಗವಾಗಿ ಹೇಳುತ್ತ ಪಾಠ ಒಪ್ಪಿಸುತ್ತಿದ್ದುದನ್ನು ಕಂಡ. ಮರಳು ತುಂಬಿದಾಗ ಅಳಿಸಿ ಮತ್ತೆ ಹರಡುತ್ತಿದ್ದರು. ಅವನು ಸುಮ್ಮನೆ ಮುಂದೆ ಸಾಗಲಿಲ್ಲ. ಹುಡುಗರನ್ನೇ ವಿಚಾರಿಸಿ, ಆ ಕ್ರಮವನ್ನು ತಿಳಿದುಕೊಂಡು, ವಿವರವಾಗಿ ಬರೆದಿಟ್ಟ. ನಮ್ಮ ನಾಡಿನ ಮಕ್ಕಳು ನಾನ್ನೂರು ವರ್ಷಗಳ ಹಿಂದೆ ಲೆಕ್ಕ ಕಲಿಯುತ್ತಿದ್ದ ಬಗೆ ಹೀಗೆ ದಾರಿಹೋಕನೊಬ್ಬನ ಕುತೂಹಲದಿಂದ ನಮಗೆ ಉಳಿದು ಬಂದಿದೆ.

ಅದೇ ಪ್ರವಾಸದಲ್ಲಿ ಅವನು ಉಳ್ಳಾಲದ ರಾಣಿಯನ್ನು ಕಂಡದ್ದು ಅರಮನೆಯಲ್ಲಿ ಅಲ್ಲ, ಹಾದಿಯಲ್ಲಿ. ಆಕೆ ಬರಿಗಾಲಿನಲ್ಲಿ ನಡೆದು, ಹೊಲಗಳಿಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಯನ್ನು ನೋಡಲು ಹೊರಟಿದ್ದಳು. ತಲೆಯ ಮೇಲೆ ತಾಳೆಗರಿಯ ಕೊಡೆ ಹಿಡಿದಿದ್ದರು. ನೋಡಿದರೆ ರಾಣಿಯೆನ್ನಲು ತೋರದು, ಮಾತನಾಡಿಸಿದರೆ ರಾಣಿಯೆಂದು ತಿಳಿಯುವುದು, ಎಂಬ ಅರ್ಥದ ಮಾತನ್ನು ಅವನು ಬರೆದಿದ್ದಾನೆ. ಪೂರ್ವನಿಶ್ಚಿತವಾದ ಸ್ಥಳಗಳನ್ನಷ್ಟೇ ನೋಡಿ ಬರುವ ಪ್ರವಾಸಿಗೆ ಇಂಥ ದರ್ಶನ ದಕ್ಕುವುದಿಲ್ಲ.

ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಆಜ್ಞೆಯಂತೆ ಮದರಾಸಿನಿಂದ ಹೊರಟ ಡಾಕ್ಟರ್ ಬುಕಾನನ್ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ, 1807ರಲ್ಲಿ ಮೂರು ಸಂಪುಟಗಳನ್ನು ಪ್ರಕಟಿಸಿದ. ಅವನ ಉದ್ದೇಶ ಆಡಳಿತದ್ದು, ಒಮ್ಮೊಮ್ಮೆ ಅವನ ತೀರ್ಪು ಒರಟು. ಆದರೂ ರೈತ, ನೇಕಾರ, ಗಾಣಿಗ, ಕಮ್ಮಾರರನ್ನು ಅವನು ಕೇಳಿದ ಪ್ರಶ್ನೆಗಳಿಂದಾಗಿ ಆ ಕಾಲದ ಬಿತ್ತನೆ, ಅಳತೆ, ಬೆಲೆ, ಕಸುಬುಗಳ ವಿವರ ಇಂದಿಗೂ ದೊರೆಯುತ್ತದೆ. ಪ್ರಶ್ನೆಗೆ ಸುಂಕವಿಲ್ಲ. ಹೊಸ ಊರಿನಲ್ಲಿ ಸಂತೆಯ ದಿನ ಒಂದು ಗಳಿಗೆ ನಿಂತು, ‘ಇದರ ಹೆಸರೇನು, ಇದನ್ನು ಹೇಗೆ ಮಾಡುತ್ತೀರಿ?’ ಎಂದು ಕೇಳಿದವನಿಗೆ ದೊರೆಯುವ ಜ್ಞಾನ ಯಾವ ಮಾರ್ಗದರ್ಶಿ ಪುಸ್ತಕದಲ್ಲೂ ಇರುವುದಿಲ್ಲ.

ನಾಲ್ಕನೆಯದು, ಕಂಡದ್ದನ್ನು ಒಬ್ಬ ಆಪ್ತನಿಗೆ ಬರೆಯುವುದು. ದೆಲ್ಲ ವಲ್ಲೆಯ ಗ್ರಂಥವೆಲ್ಲವೂ ನೇಪಲ್ಸಿನ ತನ್ನ ವೈದ್ಯಮಿತ್ರ ಮಾರಿಯೊ ಸ್ಕಿಪಾನೊಗೆ ಬರೆದ ಪತ್ರಗಳ ರೂಪದಲ್ಲಿದೆ. ಇದಕ್ಕೆ ನಮ್ಮ ನೆರೆಯ ತೆಲುಗಿನಲ್ಲಿ ಸೊಗಸಾದ ಜೋಡಿಯೊಂದು ಉಂಟು. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿಯವರು 1830ರ ಮೇ 18ರಂದು ಕಾಶಿಗೆ ಹೊರಟು, ಹದಿನೈದು ತಿಂಗಳಿಗೂ ಮೀರಿದ ಯಾತ್ರೆ ಮುಗಿಸಿ, 1831ರ ಸೆಪ್ಟೆಂಬರಿನಲ್ಲಿ ಮರಳಿದರು. ದಾರಿಯುದ್ದಕ್ಕೂ ತಂಗುದಾಣ, ನೀರು, ದಿನಸಿ, ಜನರ ಆಚಾರ ಎಲ್ಲವನ್ನೂ ಬರೆದು ಮಿತ್ರರಾದ ಶ್ರೀನಿವಾಸ ಪಿಳ್ಳೆಯವರಿಗೆ ಕಳುಹಿಸುತ್ತ ಬಂದರು. ಅವರು ತೀರಿಕೊಂಡ ಮೇಲೆ, 1838ರಲ್ಲಿ, ಆ ಮಿತ್ರರೇ ‘ಕಾಶೀಯಾತ್ರಾ ಚರಿತ್ರೆ’ಯನ್ನು ಬೆಳಕಿಗೆ ತಂದರು. ಓದುವ ಗೆಳೆಯನೊಬ್ಬ ಕಾದಿದ್ದಾನೆಂಬ ಅರಿವು ಪ್ರವಾಸಿಯ ಕಣ್ಣನ್ನು ಚುರುಕುಗೊಳಿಸುತ್ತದೆ. ಲೋಕಕ್ಕೆಲ್ಲ ಹೇಳಹೊರಟರೆ ಬರೆವಣಿಗೆಯಲ್ಲಿ ಬಿಂಕ ನುಸುಳುತ್ತದೆ. 1879ರ ಜುಲೈ ಒಂದರಿಂದ ನಮ್ಮ ದೇಶದಲ್ಲಿ ಕಾಲಾಣೆಗೆ ಅಂಚೆಕಾರ್ಡು ಸಿಗತೊಡಗಿದ ಮೇಲೆ ಈ ಸುಖ ಬಡವನ ಕೈಗೂ ಎಟುಕಿತು. ನಾನು ಅಧ್ಯಾಪಕನಾಗಿದ್ದ ದಿನಗಳಲ್ಲಿ ವಿದ್ಯಾರ್ಥಿಗಳನ್ನು ಹಂಪೆಗೋ ಹಳೇಬೀಡಿಗೋ ಕರೆದೊಯ್ದಾಗ ತಲೆಗೊಂದು ಕಾರ್ಡು ಹಂಚಿ, ಆ ದಿನ ಕಂಡ ಒಂದೇ ಒಂದು ವಸ್ತುವನ್ನು ಕುರಿತು ತಮ್ಮ ಮನೆಯ ವಿಳಾಸಕ್ಕೇ ಬರೆದು ಅಂಚೆಗೆ ಹಾಕಲು ಹೇಳುತ್ತಿದ್ದೆ. ಹುಡುಗರು ಊರು ಸೇರಿದ ಮೇಲೆ ಕಾರ್ಡು ಸೇರುತ್ತಿತ್ತು. ತಮ್ಮ ಪ್ರವಾಸ ತಮ್ಮನ್ನೇ ಹುಡುಕಿಕೊಂಡು ಬಂದುದನ್ನು ಕಂಡು ಅವರಿಗಾಗುತ್ತಿದ್ದ ಹಿಗ್ಗು ಸಣ್ಣದಲ್ಲ.

ಐದನೆಯದು ನೆನಪಿನ ಕಾಣಿಕೆ. ರಾಮೇಶ್ವರದ ಮರಳನ್ನು ಪ್ರಯಾಗಕ್ಕೆ ಒಯ್ಯುವುದು, ಗಂಗೆಯ ನೀರನ್ನು ರಾಮೇಶ್ವರಕ್ಕೆ ತರುವುದು ನಮ್ಮ ಹಳೆಯ ಸಂಪ್ರದಾಯ. ಬೆಲೆಯಿಲ್ಲದ ಎರಡು ವಸ್ತುಗಳು ದೇಶದ ಎರಡು ತುದಿಗಳನ್ನು ಹೊಲಿದವು. ಕೊಂಕಣದ ವಿಷ್ಣುಭಟ್ಟ ಗೋಡ್ಸೆಯವರು 1857ರಲ್ಲಿ ದಕ್ಷಿಣೆಯ ಆಸೆಯಿಂದ ಉತ್ತರಕ್ಕೆ ಹೋಗಿ, ಬಂಡಾಯದ ನಡುವೆ ಸಿಕ್ಕಿ, ಝಾನ್ಸಿಯ ಮುತ್ತಿಗೆಯನ್ನು ಕಣ್ಣಾರೆ ಕಂಡರು. ಗಳಿಸಿದ್ದು ಲೂಟಿಯ ಪಾಲಾಯಿತು. ತಂದೆತಾಯಿಗಳಿಗಾಗಿ ಕಾವಡಿಯಲ್ಲಿ ಹೊತ್ತ ಗಂಗೆ ಮಾತ್ರ ಮನೆ ಸೇರಿತು. ಅವರ ‘ಮಾಝಾ ಪ್ರವಾಸ’ 1907ರಲ್ಲಿ ಅಚ್ಚಾದಾಗ ಅವರು ಬದುಕಿರಲಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದದ್ದು ಕಾಶಿಯಲ್ಲಿ ‘ಬಿಟ್ಟು ಬರುವ’ ಪದ್ಧತಿ. ಯಾತ್ರಿಕರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ಒಂದು ತರಕಾರಿಯನ್ನೋ ಅಲ್ಲಿ ತ್ಯಜಿಸಿ, ಜೀವಮಾನವಿಡೀ ತಿನ್ನುವುದಿಲ್ಲ. ಧರ್ಮಶಾಸ್ತ್ರದ ದೃಷ್ಟಿಯಿಂದ ಇದು ವೈರಾಗ್ಯದ ಅಭ್ಯಾಸವಿರಬಹುದು. ನನಗಂತೂ ಇದು ನೆನಪನ್ನು ಕಾಪಿಡುವ ಅಪೂರ್ವ ಯುಕ್ತಿಯಾಗಿ ತೋರುತ್ತದೆ. ನಮ್ಮ ಮನೆಯ ಹಿರಿಯರೊಬ್ಬರು ಕಾಶಿಯಲ್ಲಿ ಸೀಬೆಹಣ್ಣು ಬಿಟ್ಟಿದ್ದರು. ಹಿತ್ತಲಿನ ಮರ ಫಲ ಬಿಟ್ಟಾಗಲೆಲ್ಲ ಅವರು ಹಣ್ಣನ್ನು ನಮಗೆ ಹಂಚಿ, ಗಂಗೆಯ ಘಟ್ಟಗಳ ಕಥೆಯನ್ನು ಹೇಳುತ್ತಿದ್ದರು. ಕೊಂಡು ತಂದ ವಸ್ತು ಕಪಾಟಿನಲ್ಲಿ ಧೂಳು ಹಿಡಿಯುತ್ತದೆ. ಬಿಟ್ಟು ಬಂದ ವಸ್ತು ವರ್ಷ ವರ್ಷವೂ ಎದುರು ಬಂದು ಮಾತನಾಡಿಸುತ್ತದೆ.

ರೈಲು ಬಂದಾಗ ಈ ಉಪಾಯಗಳೆಲ್ಲ ಮೂರನೆಯ ದರ್ಜೆಯ ಡಬ್ಬಿಯನ್ನೇರಿದವು. 1864ರಲ್ಲಿ ಬೆಂಗಳೂರು ಜೋಲಾರಪೇಟೆಯ ಮೂಲಕ ಮದರಾಸಿನ ಹಳಿಗೆ ಸೇರಿಕೊಂಡಿತು. ಮೈಸೂರಿನ ದಾರಿ 1877ರ ಭೀಕರ ಕ್ಷಾಮದಲ್ಲಿ ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ ಮೊದಲಾಯಿತು. ಮೂರನೆಯ ದರ್ಜೆಯ ನೂಕುನುಗ್ಗಲು, ಕೊಳಕು, ಅವಮಾನಗಳನ್ನು ಗಾಂಧೀಜಿಯವರು 1917ರ ಲೇಖನವೊಂದರಲ್ಲಿ ನಿಷ್ಠುರವಾಗಿ ದಾಖಲಿಸಿದ್ದಾರೆ. 1974ರಲ್ಲಿ ಆ ದರ್ಜೆಯ ಹೆಸರನ್ನು ಕೈಬಿಟ್ಟರು. ಆದರೂ ಅಪರಿಚಿತರು ಬುತ್ತಿ ಬಿಚ್ಚಿ ‘ಸ್ವಲ್ಪ ತಗೊಳ್ಳಿ’ ಎನ್ನುತ್ತಿದ್ದುದು, ಇಳಿಯುವ ಹೊತ್ತಿಗೆ ಯಾರ ಮಗಳ ಮದುವೆ ಎಲ್ಲಿಗೆ ಬಂತೆಂಬುದು ಡಬ್ಬಿಗೆಲ್ಲ ತಿಳಿದಿರುತ್ತಿದ್ದುದು ಅಲ್ಲಿಯೇ.

ಇಷ್ಟು ಹೇಳಿ ಮುಗಿಸಿದರೆ ಚಿತ್ರ ಸುಂದರವಾಗಿಯೇ ಉಳಿಯುತ್ತದೆ. ಆದರೆ ನಿಜವಾಗಿ ಉಳಿಯುವುದಿಲ್ಲ. ಬಾವಿಕಟ್ಟೆಯಲ್ಲಿ ಇಬ್ನ್ ಬತೂತ ಕಂಡ ಪಾತ್ರೆ ಮತ್ತು ಬೊಗಸೆಯ ಭೇದ ಆರು ಶತಮಾನ ಕಳೆದರೂ ಅಳಿದಿರಲಿಲ್ಲ. ಡಾಕ್ಟರ್ ಅಂಬೇಡ್ಕರರು ತಮ್ಮ ಬಾಲ್ಯದ ಒಂದು ಪ್ರಯಾಣವನ್ನು ಬರೆದಿಟ್ಟಿದ್ದಾರೆ. 1901ರಲ್ಲಿ ಅವರ ತಂದೆ ಸಾತಾರಾ ಜಿಲ್ಲೆಯ ಗೋರೆಗಾಂವಿನಲ್ಲಿ ಕೆಲಸದಲ್ಲಿದ್ದರು. ರಜೆಯಲ್ಲಿ ತಂದೆಯನ್ನು ಕಾಣಲು ನಾಲ್ವರು ಮಕ್ಕಳು ಹೊಸ ಬಟ್ಟೆ ತೊಟ್ಟು, ಮೊದಲ ರೈಲು ಪ್ರಯಾಣದ ಸಂಭ್ರಮದಲ್ಲಿ ಹೊರಟರು. ಕೈಯಲ್ಲಿ ಬುತ್ತಿಯಿತ್ತು. ಮಸೂರು ನಿಲ್ದಾಣದಲ್ಲಿ ಇಳಿದಾಗ ಅವರ ಜಾತಿ ತಿಳಿದು ಗಾಡಿಯವರು ಹಿಂಜರಿದರು. ಎರಡರಷ್ಟು ಬಾಡಿಗೆಗೆ ಒಪ್ಪಿದ ಒಬ್ಬನೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕೆಂದು ಹೇಳಿ ಪಕ್ಕದಲ್ಲಿ ನಡೆದು ಬಂದ. ರಾತ್ರಿ ಸುಂಕದ ಕಟ್ಟೆಯಲ್ಲಿ ನೀರು ಕೇಳಿದರೆ ಸಿಗಲಿಲ್ಲ. ನೀರಿಲ್ಲದೆ ಬುತ್ತಿ ಗಂಟಲಿಗಿಳಿಯದು. ಮಕ್ಕಳು ಅನ್ನವಿಟ್ಟುಕೊಂಡು ಉಪವಾಸ ಮಲಗಿದರು. ಅವರ ತಂದೆಗೆ ಆ ಊರಿನಲ್ಲಿದ್ದ ಕೆಲಸವಾದರೂ ಏನು? ಕ್ಷಾಮಪೀಡಿತರಿಗೆ ಕೂಲಿ ಒದಗಿಸಲು ಸರ್ಕಾರ ತೋಡಿಸುತ್ತಿದ್ದ ಕೆರೆಯ ಕಾಮಗಾರಿಯಲ್ಲಿ ಲೆಕ್ಕ ನೋಡಿಕೊಳ್ಳುವುದು!

ಆ ಪ್ರಯಾಣವೂ ಮರೆಯಲಾಗದ್ದೇ ಆಯಿತು. ಪ್ರವಾಸವನ್ನು ಸ್ಮರಣೀಯಗೊಳಿಸುವ ಅಗ್ಗದ ಉಪಾಯಗಳನ್ನು ಎಣಿಸುವಾಗ ಈ ಪುಟವನ್ನು ಮಗುಚಿ ಹೋಗುವುದು ಸಲ್ಲದು. ಸಾಲುಮರ, ಅರವಟ್ಟಿಗೆ, ಛತ್ರಗಳಿಂದಾಗಿ ಹಲವರಿಗೆ ದಾರಿ ಅಗ್ಗವಾಗಿತ್ತು. ಅದೇ ದಾರಿ ಕೆಲವರಿಗೆ ಎರಡರಷ್ಟು ದುಬಾರಿಯಾಗಿತ್ತು. ಆದ್ದರಿಂದ ಹಳೆಯದನ್ನು ಪೂರ್ತಿಯಾಗಿ ಮರಳಿ ತರೋಣವೆಂದು ನಾನು ಹೇಳಲಾರೆ. ಆರಿಸಿ ತರಬೇಕು.

ಬುತ್ತಿಯನ್ನು ತರೋಣ; ಅದರಲ್ಲಿ ಒಂದು ತುತ್ತು ಪಕ್ಕದವರ ಪಾಲಿಗಿರಲಿ. ಹತ್ತು ಊರುಗಳನ್ನು ಓಡಿ ನೋಡುವ ಬದಲು ಒಂದು ಊರಿನಲ್ಲಿ ನಿಂತು ಹತ್ತು ಪ್ರಶ್ನೆ ಕೇಳೋಣ. ಚಿತ್ರ ತೆಗೆಯುವ ಮುನ್ನ ಕಣ್ತುಂಬ ನೋಡೋಣ. ಒಬ್ಬ ಗೆಳೆಯನಿಗೆ ಒಂದು ಕಾರ್ಡು ಬರೆಯೋಣ. ತರುವುದರ ಜೊತೆಗೆ, ಬಿಟ್ಟು ಬರುವ ಅಭ್ಯಾಸವನ್ನೂ ಮಾಡೋಣ. ಹಣ್ಣಿಗೆ ಬದಲು ಯಾರ ಬಗೆಗಾದರೂ ಮನಸ್ಸಿನಲ್ಲಿ ಬೆಳೆದ ಒಂದು ಪೂರ್ವಗ್ರಹವನ್ನು ಬಿಟ್ಟು ಬಂದರೂ ಯಾತ್ರೆ ಸಾರ್ಥಕ.

ಇಂದು ನೀರು ಸೀಸೆಯಲ್ಲಿ ಬಂದು ನಿಂತಿದೆ. ಕಾಸು ಕೊಟ್ಟವನ ಜಾತಿಯನ್ನು ಸೀಸೆ ಕೇಳುವುದಿಲ್ಲ. ಅಷ್ಟರ ಮಟ್ಟಿಗೆ ಅದು ಹಳೆಯ ಅರವಟ್ಟಿಗೆಗಿಂತ ಮೇಲು. ಆದರೆ ಕಾಸಿಲ್ಲದವನನ್ನು ಅದು ಕಣ್ಣೆತ್ತಿ ನೋಡುವುದಿಲ್ಲ. ಬೇಸಗೆಯಲ್ಲಿ ನಮ್ಮ ಕೆಲವು ಊರುಗಳ ಅಂಗಡಿಬೀದಿಯಲ್ಲಿ ಈಗಲೂ ಯಾರೋ ಒಂದು ಮಣ್ಣಿನ ಗಡಿಗೆಯಿಟ್ಟು, ಮೇಲೊಂದು ಲೋಟ ಮುಚ್ಚಿಟ್ಟಿರುತ್ತಾರೆ. ಹೆಸರು ಕೇಳದೆ, ಹಣ ಕೇಳದೆ, ಎಲ್ಲರಿಗೂ ಒಂದೇ ಲೋಟ. ಪರಸ್ಥಳದಲ್ಲಿ ಅಂಥದೊಂದು ಗಡಿಗೆ ಕಂಡಾಗ ನಿಂತು ಕುಡಿಯಿರಿ. ಸಾಧ್ಯವಾದರೆ ನಿಮ್ಮ ಮನೆಯ ಮುಂದೆಯೂ ಒಂದನ್ನು ಇಡಿರಿ. ನಿಮ್ಮ ಊರು ಇನ್ನೊಬ್ಬರ ಪ್ರವಾಸದ ದಾರಿಯಲ್ಲಿದೆ.