ಮಧುಮೇಹಿಗಳಲ್ಲಿ ಶಸ್ತ್ರಚಿಕಿತ್ಸೆ

ಮಧುಮೇಹವಿರುವವರಿಗೆ ಶಸ್ತ್ರಚಿಕಿತ್ಸೆಯ ಮುನ್ನ ಹಾಗೂ ನಂತರ ವಿಶೇಷ ಆರೈಕೆ ಅಗತ್ಯ. ಶಸ್ತ್ರಚಿಕಿತ್ಸೆಯ ಒತ್ತಡದಿಂದ ಕಾರ್ಟಿಸಾಲ್, ಅಡ್ರಿನಲಿನ್ ಮೊದಲಾದ ಹಾರ್ಮೋನುಗಳು ಹೆಚ್ಚಿ, ಉಪವಾಸವಿದ್ದರೂ ರಕ್ತದ ಸಕ್ಕರೆ ಏರಬಹುದು. ಏರಿದ ಸಕ್ಕರೆಯು ಸೋಂಕಿಗೆ ಎಡೆಮಾಡಿ, ಗಾಯ ಮಾಯುವುದನ್ನು ತಡಮಾಡುತ್ತದೆ.

ಪೂರ್ವಸಿದ್ಧತೆ

ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಮುನ್ನ ಎಚ್‌ಬಿಎ1ಸಿ ಪ್ರಮಾಣವನ್ನು ಸಾಧ್ಯವಾದಷ್ಟು ಶೇ. 8ಕ್ಕಿಂತ ಕೆಳಗಿಳಿಸಲಾಗುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಸಾಮಾನ್ಯವಾಗಿ ಅಂದು ಬೆಳಿಗ್ಗೆ ಬಿಡಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು 3 ದಿನ ಮೊದಲೇ ನಿಲ್ಲಿಸಲಾಗುತ್ತದೆ. ಇಲ್ಲವಾದರೆ ಸಕ್ಕರೆಯ ಅಳತೆ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಕೀಟೋನ್ ಆಮ್ಲಗಳು ತುಂಬಿ ಪ್ರಾಣಾಪಾಯವಾಗಬಹುದು. ಹೊಟ್ಟೆ ಖಾಲಿಯಿರುವುದರಿಂದ ಇನ್ಸುಲಿನ್ ಬೇಡವೆಂಬ ಎಣಿಕೆ ತಪ್ಪು. ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ನನ್ನು ವೈದ್ಯರು ಸಾಮಾನ್ಯವಾಗಿ ಶೇ. 75–80ಕ್ಕೆ ಇಳಿಸುತ್ತಾರೆ, ಟೈಪ್ 1 ಮಧುಮೇಹದಲ್ಲಿ ಅದನ್ನು ಪೂರ್ತಿ ನಿಲ್ಲಿಸುವಂತಿಲ್ಲ.

ಖಾನಾಪುರ ತಾಲ್ಲೂಕಿನವರು ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆ (ಬಿಮ್ಸ್), ಕೆ.ಎಲ್.ಇ. ಡಾ. ಪ್ರಭಾಕರ ಕೋರೆ ಆಸ್ಪತ್ರೆ ಮೊದಲಾದೆಡೆ ಹೋಗುತ್ತಾರೆ. ಪಟ್ಟಣದಿಂದಲೇ ದೂರ ಸುಮಾರು 26 ಕಿ.ಮೀ.; ಕಣಕುಂಬಿಯಂತಹ ಕಾಡಂಚಿನ ಊರುಗಳಿಂದ ಇನ್ನೂ ಹೆಚ್ಚು. ಉಪವಾಸದಲ್ಲಿ ಪ್ರಯಾಣಿಸುವಾಗ ಸಕ್ಕರೆ ಕುಸಿಯುವ ಸಂಭವವಿರುವುದರಿಂದ ಹಿಂದಿನ ದಿನವೇ ದಾಖಲಾಗುವುದು ಲೇಸು. ದಾರಿಯಲ್ಲಿ ನಡುಕ, ಬೆವರು ಕಂಡು ಅಳತೆ 70 ಮಿ.ಗ್ರಾಂ/ಡೆ.ಲೀ.ಗಿಂತ ಕೆಳಗಿದ್ದರೆ ಸುಮಾರು 15 ಗ್ರಾಂ ಸಕ್ಕರೆ ಕರಗಿಸಿದ ನೀರನ್ನು ಕುಡಿದು, ಕುಡಿದ ವೇಳೆಯನ್ನು ಅರಿವಳಿಕೆ ವೈದ್ಯರಿಗೆ ತಿಳಿಸಬೇಕು. ಹಾಲು ಹಾಕಿದ ಚಹಾ ಸಲ್ಲದು.

ಚೇತರಿಕೆ

ಆಸ್ಪತ್ರೆಯಲ್ಲಿ ಸಕ್ಕರೆಯನ್ನು ಸಾಮಾನ್ಯವಾಗಿ 100–180 ಮಿ.ಗ್ರಾಂ/ಡೆ.ಲೀ. ನಡುವೆ ಇರಿಸಲಾಗುತ್ತದೆ. ಊಟ ಸರಿಹೋದ ಮೇಲೆ, ಮೂತ್ರಪಿಂಡಗಳ ಸ್ಥಿತಿ ನೋಡಿ ಮಾತ್ರೆಗಳನ್ನು ಮರಳಿ ಆರಂಭಿಸುತ್ತಾರೆ. ಮನೆಗೆ ಮರಳಿದ ಬಳಿಕ ಗಾಯ ಕೆಂಪಾಗುವುದು, ಕೀವು, ಜ್ವರ ಅಥವಾ ನಿಲ್ಲದ ವಾಂತಿ ಕಂಡರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಸಮೀಪದ ಆಸ್ಪತ್ರೆಗೆ ಹೋಗಬೇಕು.