ಒಂದು ಚಿಟಿಕೆ ಔಷಧಿಯ ಕಥೆ



ಕೋಳಿ ಸಾಕುವ ಊರುಗಳಿಗೆ ಹೋದಾಗಲೆಲ್ಲ ಒಂದು ಪ್ರಶ್ನೆ ನನಗೆ ಎದುರಾಗುತ್ತದೆ. "ಏನ್ ಸ್ವಾಮಿ, ಕಾಯಿಲೆ ಬಂದ ಮೇಲೆ ಓಡಾಡೋದಕ್ಕಿಂತ, ಬರೋಕೆ ಮುಂಚೇನೇ ಫೀಡಿಗೆ ಒಂದು ಚಿಟಿಕೆ ಔಷಧಿ ಬೆರೆಸಿಬಿಟ್ರೆ ಒಳ್ಳೇದಲ್ವೆ? ತೂಕಾನೂ ಬರುತ್ತಂತಲ್ಲ!" ಕೇಳುವವರನ್ನು ನಾನು ದೂರುವುದಿಲ್ಲ. ದೊಡ್ಡ ದೊಡ್ಡ ದೇಶಗಳೇ ಹೀಗೆ ಯೋಚಿಸಿದ್ದವು. ಅವು ಮಾಡಿದ್ದೇನು, ಆಮೇಲೆ ಪಟ್ಟ ಪಾಡೇನು ಎಂಬುದನ್ನು ಇಂದು ತಿಳಿಯೋಣ.

1928ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವಿಜ್ಞಾನಿ ಒಂದು ಬಗೆಯ ಬೂಷ್ಟಿನಲ್ಲಿ ಪೆನಿಸಿಲಿನ್ ಕಂಡುಹಿಡಿದರು. 1945ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಬಹುಮಾನ ಪಡೆದ ಭಾಷಣದಲ್ಲಿಯೇ ಅವರು ಒಂದು ಎಚ್ಚರಿಕೆ ಕೊಟ್ಟರು: ಸಾಲದಷ್ಟು ಔಷಧಿ ಕೊಟ್ಟರೆ ರೋಗದ ಕ್ರಿಮಿ ಸಾಯುವುದಿಲ್ಲ, ಔಷಧಿಗೇ ಒಗ್ಗಿಕೊಳ್ಳುತ್ತದೆ. ಹತ್ತಿ ಬೆಳೆಯುವವರಿಗೆ ಇದು ಹೊಸ ಮಾತಲ್ಲ. ಒಂದೇ ಕೀಟನಾಶಕವನ್ನು ಮೇಲಿಂದ ಮೇಲೆ ಹೊಡೆದರೆ ಸಾಯದೆ ಉಳಿದ ಹುಳುವಿನ ಸಂತತಿಯೇ ಹೊಲ ತುಂಬುತ್ತದೆ. ಕ್ರಿಮಿಗಳದೂ ಅದೇ ದಾರಿ.

ಆದರೆ ಆ ಎಚ್ಚರಿಕೆ ಕೊಟ್ಟಿಗೆಯವರೆಗೆ ಮುಟ್ಟಲಿಲ್ಲ. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಆರಿಯೊಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ತಯಾರಾಗುತ್ತಿತ್ತು. ಅದು ದೊರೆತ ಕಾಲದಲ್ಲಿ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು. ಅವರು 1948ರಲ್ಲಿ ತೀರಿಕೊಂಡರು. ಅಲ್ಲಿಯೇ ಜ್ಯೂಕ್ಸ್ ಮತ್ತು ಸ್ಟಾಕ್‌ಸ್ಟಾಡ್ ಎಂಬ ಇಬ್ಬರು, ಔಷಧಿ ತೆಗೆದ ಮೇಲೆ ಉಳಿದ ಗಸಿಯನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು. ಮರಿಗಳು ಎಂದಿಗಿಂತ ಬೇಗ ಬೆಳೆದವು! 1950ರಲ್ಲಿ ಸುದ್ದಿ ಲೋಕಕ್ಕೆಲ್ಲ ಹರಡಿತು. 1951ರಲ್ಲಿ ಅಮೆರಿಕದ ಸರ್ಕಾರ ಆಂಟಿಬಯೋಟಿಕ್ಕನ್ನು ಮೇವಿಗೆ ಬೆರೆಸಲು ಒಪ್ಪಿಗೆ ಕೊಟ್ಟಿತು. 1955ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊಯ್ದ ಕೋಳಿ ಕೆಡದಿರಲೆಂದು ಔಷಧಿಯ ನೀರಿನಲ್ಲಿ ಅದ್ದಿ ಮಾರಲೂ ಅನುಮತಿ ಸಿಕ್ಕಿತು. ಆ ಅನುಮತಿಯನ್ನು 1966ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು.

ಏಕೆಂದರೆ, ಅಷ್ಟರಲ್ಲಿ ಕೆಟ್ಟ ಸುದ್ದಿಗಳು ಬರತೊಡಗಿದ್ದವು. 1959ರಲ್ಲಿ ಜಪಾನಿನ ವಿಜ್ಞಾನಿಗಳು, ಔಷಧಿಗೆ ಬಗ್ಗದ ಗುಣವನ್ನು ಒಂದು ಜಾತಿಯ ಕ್ರಿಮಿ ಬೇರೆ ಜಾತಿಯ ಕ್ರಿಮಿಗೂ ದಾಟಿಸುತ್ತದೆಂದು ತೋರಿಸಿದರು. ನೆರೆಮನೆಗೆ ಒಂದು ಚಮಚ ಹೆಪ್ಪು ಕೊಟ್ಟ ಹಾಗೆ! ಕೊಟ್ಟವರಲ್ಲೂ ಮೊಸರು ಉಳಿಯುತ್ತದೆ, ಪಡೆದವರಲ್ಲೂ ಆಗುತ್ತದೆ. 1960ರ ದಶಕದ ನಡುವಿನಲ್ಲಿ ಇಂಗ್ಲೆಂಡಿನ ಎಳೆಗರುಗಳಲ್ಲಿ ಸಾಲ್ಮೊನೆಲ್ಲಾ ಎಂಬ ಭೇದಿಯ ಕ್ರಿಮಿ ಹಬ್ಬಿತು. ಹಲವು ಔಷಧಿಗಳಿಗೆ ಅದು ಜಗ್ಗಲಿಲ್ಲ; ಮನುಷ್ಯರಿಗೂ ಅಂಟಿತು. ಆಂಡರ್ಸನ್ ಎಂಬ ವಿಜ್ಞಾನಿ ಇದನ್ನು ಎತ್ತಿ ಹೇಳಿದ್ದರಿಂದ ಸರ್ಕಾರ ಸ್ವಾನ್ ಎಂಬವರ ಸಮಿತಿ ನೇಮಿಸಿತು. 1969ರಲ್ಲಿ ಆ ಸಮಿತಿ ಹೇಳಿದ್ದು ಇಷ್ಟೆ: ಮನುಷ್ಯರ ಪ್ರಾಣ ಉಳಿಸುವ ಔಷಧಿಯನ್ನು ದನಕರುಗಳ ಮೈ ಬೆಳೆಸಲು ಬಳಸಕೂಡದು.

"ಕೋಳಿ ತಿಂದ ಔಷಧಿ ನನಗೇನು ಮಾಡೀತು?" ಎನ್ನುತ್ತೀರಾ? ಇದಕ್ಕೂ ಉತ್ತರವಿದೆ. ಅಮೆರಿಕದ ಸ್ಟುವರ್ಟ್ ಲೀವಿ ಎಂಬ ವೈದ್ಯರು ಒಂದು ಕುಟುಂಬದ ತೋಟದಲ್ಲಿ ಸುಮಾರು 300 ಕೋಳಿಮರಿ ಸಾಕಿಸಿದರು. ಅರ್ಧ ಮರಿಗಳಿಗೆ ಔಷಧಿ ಬೆರೆಸಿದ ಮೇವು, ಉಳಿದ ಅರ್ಧಕ್ಕೆ ಬರೀ ಮೇವು. ಕೆಲವೇ ವಾರಗಳಲ್ಲಿ ಔಷಧಿ ತಿಂದ ಕೋಳಿಗಳ ಕರುಳಿನ ಕ್ರಿಮಿಗಳು ಅದಕ್ಕೆ ಒಗ್ಗಿಕೊಂಡವು. ಐದಾರು ತಿಂಗಳಲ್ಲಿ ಅಂಥವೇ ಕ್ರಿಮಿಗಳು ಆ ಮನೆಯವರ ಮಲದಲ್ಲೂ ಹೆಚ್ಚಾಗಿ ಕಂಡವು. ಮನೆಯವರು ಔಷಧಿ ಮುಟ್ಟಿರಲಿಲ್ಲ. ಕೋಳಿಗಳ ಜೊತೆ ಬಾಳಿದ್ದರು ಅಷ್ಟೆ. ಮೇವು ಬದಲಿಸಿದ ಮೇಲೆ ಬಹಳ ಮಂದಿಯಲ್ಲಿ ಅವು ಕಡಿಮೆಯಾದವು. ಈ ವರದಿ 1976ರಲ್ಲಿ ಅಚ್ಚಾಯಿತು.

ಆದರೂ ದೇಶಗಳು ನಿಧಾನವಾಗಿಯೇ ಎಚ್ಚೆತ್ತವು. ಮೈ ಬೆಳೆಸಲೆಂದು ಮೇವಿಗೆ ಆಂಟಿಬಯೋಟಿಕ್ ಬೆರೆಸುವುದನ್ನು ಸ್ವೀಡನ್ 1986ರಲ್ಲಿ ನಿಲ್ಲಿಸಿತು. ಐರೋಪ್ಯ ಒಕ್ಕೂಟ ಪೂರ್ತಿ ನಿಲ್ಲಿಸಿದ್ದು 2006ರಲ್ಲಿ. 2015ರಲ್ಲಿ ಚೀನಾದಿಂದ ಮತ್ತೊಂದು ಸುದ್ದಿ ಬಂತು. ಬೇರೆ ಔಷಧಿಗಳೆಲ್ಲ ಸೋತಾಗ ವೈದ್ಯರು ಕೈಗೆತ್ತಿಕೊಳ್ಳುವ ಕೊಲಿಸ್ಟಿನ್ ಎಂಬ ಔಷಧಿಗೂ ಬಗ್ಗದ ಕ್ರಿಮಿ, ಅದೂ ಹೆಪ್ಪಿನಂತೆ ಗುಣ ದಾಟಿಸುವಂಥದು, ಹಂದಿಗಳಲ್ಲಿ, ಅಂಗಡಿಯ ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ ಸಿಕ್ಕಿತು. ನಮ್ಮ ಭಾರತ ಸರ್ಕಾರವೂ 2019ರ ಜುಲೈನಲ್ಲಿ, ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆ ಕೊಲಿಸ್ಟಿನ್ ತಯಾರಿಸಿ ಮಾರುವುದನ್ನು ನಿಷೇಧಿಸಿತು.

ಈ ಕ್ರಿಮಿ ಅಡುಗೆಮನೆಗೆ ಬರುವ ದಾರಿ ಸುಲಭ. ಕೊಯ್ಯುವಾಗ ಕರುಳಿನ ಹೊಲಸು ಮಾಂಸಕ್ಕೆ ತಾಗುತ್ತದೆ. ಅದೇ ಚಾಕುವಿನಿಂದ ಸೌತೆಕಾಯಿ, ಈರುಳ್ಳಿ ಹೆಚ್ಚಿದರೆ ಹಸಿಯಾಗಿ ಹೊಟ್ಟೆಗೆ ಹೋಗುತ್ತದೆ. ಹಸಿ ಕೋಳಿ ಗೊಬ್ಬರ ಹಾಕಿದ ಸೊಪ್ಪಿನ ಮಡಿಯಿಂದಲೂ ಬರಬಹುದು. ಒಂದು ಸಮಾಧಾನವೆಂದರೆ, ಔಷಧಿಗೆ ಬಗ್ಗದ ಕ್ರಿಮಿಯೂ ಬೆಂಕಿಗೆ ಬಗ್ಗುತ್ತದೆ. ಮಾಂಸವನ್ನು ಚೆನ್ನಾಗಿ ಬೇಯಿಸಿ. ಕೈ, ಚಾಕು, ಮಣೆಗಳನ್ನು ಸೋಪು ಹಾಕಿ ತೊಳೆಯಿರಿ. ಗೊಬ್ಬರವನ್ನು ಚೆನ್ನಾಗಿ ಕಳಿತ ಮೇಲೆ ಹಾಕಿ.

ಹಾಗಾದರೆ ಕಾಯಿಲೆ ಬಿದ್ದ ಕೋಳಿಗೆ ಔಷಧಿ ಬೇಡವೇ? ಬೇಕು. ಆದರೆ ಪಶುವೈದ್ಯರು ಹೇಳಿದ ಔಷಧಿ, ಹೇಳಿದ ಅಳತೆ, ಹೇಳಿದಷ್ಟು ದಿನ. ಔಷಧಿ ನಿಲ್ಲಿಸಿದ ಮೇಲೂ ಅವರು ಹೇಳಿದಷ್ಟು ದಿನ ಕಳೆಯುವವರೆಗೆ ಮೊಟ್ಟೆ, ಮಾಂಸ ಮಾರಬೇಡಿ. ಆರೋಗ್ಯವಾಗಿರುವ ಕೋಳಿಗೆ ಗಾಳಿ ಬೆಳಕು, ಒಣಗಿದ ಹಾಸು, ಚೊಕ್ಕ ನೀರು, ಸಕಾಲಕ್ಕೆ ಲಸಿಕೆ ಸಾಕು.

ಕೋಳಿಯ ತೂಕ ನಾಲ್ಕು ಗುಂಜಿ ಹೆಚ್ಚಲೆಂದು ಹಾಕುವ ಆ ಚಿಟಿಕೆ, ನಾಳೆ ನಮ್ಮ ಮನೆಯ ಮಗುವಿಗೆ ಜ್ವರ ಬಂದಾಗ ಕೆಲಸ ಮಾಡಬೇಕಾದ ಔಷಧಿ. ಅದನ್ನು ಮಗುವಿಗಾಗಿ ಉಳಿಸಿಕೊಳ್ಳೋಣ.