ಒಂದು ಎಕರೆ ಅಂದ್ರೆ ಎಷ್ಟು ಎಕರೆ?

ಬಂಧುಗಳೇ, ನೀರಿಗೆ ಬೆಲೆ ಕಟ್ಟೋಕಾಗಲ್ಲ ಅಂತ ವೇದಿಕೆ ಮೇಲೆ ಭಾಷಣ ಮಾಡ್ತಾರಲ್ಲ, ನಂಬಬೇಡಿ. ಬೆಲೆ ಕಟ್ಟಿದ್ದಾರೆ. ಕಾನೂನಿನಲ್ಲೇ ಬರೆದಿಟ್ಟಿದ್ದಾರೆ.

ದೇವರಾಜ ಅರಸು ಕಾಲದ 1974ರ ಭೂಸುಧಾರಣೆ ತಿದ್ದುಪಡಿ ನೋಡಿ. ಐದು ಜನರವರೆಗಿನ ಕುಟುಂಬಕ್ಕೆ 10 ಯೂನಿಟ್ ಮಿತಿ. ಸರ್ಕಾರಿ ನಾಲೆ, ಕೆರೆಯ ಖಾತ್ರಿ ನೀರಿದ್ದು ವರ್ಷಕ್ಕೆ ಎರಡು ಭತ್ತದ ಬೆಳೆ ತೆಗೆಯುವ ಜಮೀನಾದರೆ 10 ಎಕರೆ. ಬರೀ ಖುಷ್ಕಿಯಾದರೆ 54 ಎಕರೆ. ಅಂದ್ರೆ ನೀರಿರುವ ಒಂದು ಎಕರೆ, ನೀರಿಲ್ಲದ 5.4 ಎಕರೆಗೆ ಸಮ. ಮಣ್ಣಿನ ಗುಣವೂ ಸ್ವಲ್ಪ ಲೆಕ್ಕಕ್ಕೆ ಬಂದಿದೆ, ಆದರೆ ಮುಖ್ಯವಾಗಿ ಇದು ನೀರಿನ ಬೆಲೆ. ಮೈಸೂರು ಸಂಸ್ಥಾನದ ಕಂದಾಯದಲ್ಲೂ ಖುಷ್ಕಿ, ತರಿ, ಬಾಗಾಯ್ತು ಅಂತ ಬೇರೆ ಬೇರೆ ದರ ಇತ್ತು. ಆಳುವವರಿಗೆ ಈ ಲೆಕ್ಕ ಯಾವತ್ತೂ ಗೊತ್ತಿತ್ತು.

ಈಗ ಪ್ರಶ್ನೆ: ಆ ನೀರನ್ನು ಗದ್ದೆಗೆ ಮುಟ್ಟಿಸಿದವರು ಯಾರು?

ನೀರುಗಂಟಿ. ಹನ್ನೆರಡು ಆಯಗಾರರಲ್ಲಿ ಒಬ್ಬ. ಕೋಲಾರ, ತುಮಕೂರು ಕಡೆಯ ಎಷ್ಟೋ ಊರುಗಳಲ್ಲಿ ಅವನು ನಮ್ಮ ಹೊಲೆಯ, ಮಾದಿಗ ಕೇರಿಯವನೇ. ತೂಬು ಎತ್ತೋದು, ಇಳಿಸೋದು, ಕಾಲುವೆ ಹೂಳು ತೆಗೆಸೋದು, ಮಳೆ ಕೈಕೊಟ್ಟ ವರ್ಷ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚೋದು ಎಲ್ಲ ಅವನ ಕೆಲಸ. ಊರ ಬಾವಿ ಮುಟ್ಟುವ ಹಾಗಿಲ್ಲದವನು ಊರಿನ ಅಚ್ಚುಕಟ್ಟಿಗೆಲ್ಲ ನೀರು ಹರಿಸಿದ. ಕೂಲಿ ಏನು? ಸುಗ್ಗಿಯಲ್ಲಿ ಒಂದಷ್ಟು ಹೊರೆ, ಜೊತೆಗೆ ಇನಾಮಾಗಿ ತುಂಡು ಜಮೀನು. ಅದು ಕೆರೆಯ ಕೆಳಗೇ ಇದ್ದರೆ ಕೇರಿಯ ಕೈಯಲ್ಲಿದ್ದ ತರಿ ಅಂದ್ರೆ ಅದೊಂದೇ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ರದ್ದಾಗಿದ್ದು ಸರಿಯೇ, ಬಿಟ್ಟಿ ಚಾಕರಿ ಹೋಯ್ತು. ಆದರೆ ಇನಾಮು ಜಮೀನು ಸರ್ಕಾರಕ್ಕೆ ಸೇರಿ, ಅರ್ಜಿ ಹಾಕಿ ದುಡ್ಡು ಕಟ್ಟಿದವರಿಗೆ ಮಾತ್ರ ಮರುಮಂಜೂರಾಯ್ತು. ಓದು ಬರಹ ಇಲ್ಲದ ಕೇರಿಗೆ ಇದು ಎಷ್ಟು ಸುಲಭ ನೀವೇ ಯೋಚನೆ ಮಾಡಿ.

ಇನ್ನೂ ಒಂದಿದೆ. ನಾವೆಲ್ಲ ನಮ್ಮ ಗುರಾಣಿ ಅಂತ ನಂಬಿರುವ 1978ರ ಪಿಟಿಸಿಎಲ್ ಕಾಯ್ದೆಯ 3ನೇ ಕಲಂ ಓದಿ. 'ಮಂಜೂರಾದ ಜಮೀನು' ಅನ್ನೋ ವ್ಯಾಖ್ಯೆಯಿಂದ ವಂಶಪಾರಂಪರ್ಯ ಹುದ್ದೆಯ ಜಮೀನುಗಳನ್ನು ಹೊರಗಿಟ್ಟಿದ್ದಾರೆ. ದರಖಾಸ್ತಿನಲ್ಲಿ ಸಿಕ್ಕ ಗುಡ್ಡದಂಚಿನ ಖುಷ್ಕಿಗೆ ರಕ್ಷಣೆ ಉಂಟು. ಕೆರೆ ಕೆಳಗಿನ ನೀರುಗಂಟಿ ಇನಾಮಿಗೆ ಆ ರಕ್ಷಣೆ ಇಲ್ಲ. ಅದಕ್ಕೆ ಸಿಕ್ಕಿದ್ದು ಹಳೇ ಕಾಯ್ದೆಗೆ ತಿದ್ದುಪಡಿ ತಂದು ಹಾಕಿದ 15 ವರ್ಷದ ಮಾರಾಟ ನಿರ್ಬಂಧ ಮಾತ್ರ. ಅವಧಿ ಮುಗೀತು, ಮಾರಾಟಕ್ಕೆ ದಾರಿಯೂ ತೆರೀತು.

ಬಾಬಾಸಾಹೇಬರು 1918ರಲ್ಲೇ ಸಣ್ಣ ಹಿಡುವಳಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ, ಬರೀ ವಿಸ್ತೀರ್ಣ ನೋಡಿ ಹಿಡುವಳಿ ದೊಡ್ಡದೋ ಚಿಕ್ಕದೋ ಅನ್ನಬೇಡಿ, ಬೇಸಾಯಕ್ಕೆ ಬೇಕಾದ ಬಂಡವಾಳ, ಸಲಕರಣೆ ಜೊತೆಗಿದೆಯಾ ನೋಡಿ ಅಂತ ವಾದಿಸಿದ್ದರು. 1927ರಲ್ಲಿ ಮಹಾಡ್ ಕೆರೆಯ ನೀರು ಮುಟ್ಟಿದ ಅವರೇ 1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲ್‌ನಲ್ಲಿ ಕೂತು ದಾಮೋದರ ಕಣಿವೆಯಂಥ ನೀರಾವರಿ, ವಿದ್ಯುತ್ ಯೋಜನೆಗಳಿಗೆ ಅಡಿಪಾಯ ಹಾಕಿದರು. ಅವರ ಪಾಲಿಗೆ ನೀರು ಮುಟ್ಟುವ ಹಕ್ಕೂ ಹೌದು, ಉತ್ಪಾದನೆಯ ಹಕ್ಕೂ ಹೌದು. ನಾವು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದೀವಿ.

ಅದಕ್ಕೇ ಲೆಕ್ಕ ಹಾಕೋಣ. ನಮ್ಮವನಿಗೆ 2 ಎಕರೆ ಮಂಜೂರು ಅಂತ ಫೋಟೋ ಹಾಕ್ತಾರೆ. ಖುಷ್ಕಿಯಾದರೆ, ಸರ್ಕಾರದ್ದೇ ಲೆಕ್ಕದಲ್ಲಿ, ಅದು 15 ಗುಂಟೆ ನೀರಾವರಿಗೆ ಸಮ. 15 ಗುಂಟೆಯಲ್ಲಿ ಯಾವ ಸಂಸಾರ ನಡೆಯುತ್ತೆ? ಮತ್ತೆ ಗೌಡರ ಗದ್ದೆಗೆ ಕೂಲಿಗೇ ಹೋಗಬೇಕು.

ಇನ್ನು ಮುಂದೆ ನಮ್ಮ ಅರ್ಜಿಯಲ್ಲಿ 'ಭೂಮಿ ಕೊಡಿ' ಅಂತ ಬರೆದು ನಿಲ್ಲಿಸಬೇಡಿ. ನೀರಿನ ಸಮೇತ ಭೂಮಿ ಕೊಡಿ, ಇಲ್ಲಾ 5.4ರಿಂದ ಗುಣಿಸಿ ಕೊಡಿ ಅಂತ ಬರೀರಿ. ನಿಮ್ಮ ಊರಿನ ಹಳೇ ದಾಖಲೆಯಲ್ಲಿ ನೀರುಗಂಟಿ ಇನಾಮು ಯಾವ ಸರ್ವೆ ನಂಬರ್‌ನಲ್ಲಿತ್ತು, ಈಗಿನ ಪಹಣಿ ಯಾರ ಹೆಸರಲ್ಲಿದೆ, ತೆಗೆಸಿ ನೋಡಿ. ಇಲ್ಲೇ ಕಾಮೆಂಟಿನಲ್ಲಿ ತಾಲ್ಲೂಕಿನ ಹೆಸರು ಹಾಕಿ.

ಜೈ ಭೀಮ್.